ಮೂರನೇ ಮಹಡಿಯ ಮದ್ದು

ಕೋಪರಖೈರಣೆ, ನವಿ ಮುಂಬೈ
9 ಫೆಬ್ರವರಿ 2015

ತಮ್ಮ ಪುಂಡರೀಕಾಕ್ಷನಿಗೆ,

ಪ್ರೀತಿಯ ಎಂದು ಬರೆಯಲು ಕೈ ಏಳಲಿಲ್ಲ. ಉಡುಪಿಯಲ್ಲಿ ಚೆನ್ನಾಗಿದ್ದೀ ಎಂದು ಕೇಳಿದೆ. ನಾಲ್ಕು ಮೆಟ್ಟಿಲು ಹತ್ತಿದರೆ ನಿನಗೆ ಏದುಸಿರು ಬರುವುದಿಲ್ಲವಲ್ಲ, ಸಂತೋಷ. ನನ್ನ ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ನಿನ್ನ ಭಾವ ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದು ನಿನ್ನೆ ಮನೆಗೆ ಬಂದರು. ಮೂಗಿಗೆ ನಳಿಕೆ, ಮಂಚದ ಪಕ್ಕ ಆಕ್ಸಿಜನ್ ಮಶೀನು. ಬಚ್ಚಲಿಗೆ ಹೋಗಿ ಬಂದರೆ ಅರ್ಧ ಗಂಟೆ ಮಾತಿಲ್ಲ.

ಮೂವತ್ತು ವರ್ಷ ಠಾಣೆಯ ಹೋಟೆಲಿನಲ್ಲಿ ದೋಸೆಕಾವಲಿಯ ಎದುರು ಹೊಗೆ ಕುಡಿದವರು ಅವರು. ಶ್ವಾಸಕೋಶ ಕೆಟ್ಟ ಮೇಲೂ ಎರಡು ಇನ್ಹೇಲರ್ ಪಂಪಿನ ಮದ್ದು ಎಳೆದುಕೊಂಡು ದಿನಾ ಮಾರ್ಕೆಟ್ಟಿಗೆ ಹೋಗಿ ಬಸಳೆ ಆರಿಸಿ ತರುತ್ತಿದ್ದರು. ಅಂಥವರ ಮುಂದೆ ಕೂತು ನೀನು ಸ್ಟೆಮ್ ಸೆಲ್ ಎಂದೆ. "ಅಕ್ಕಾ, ಮಂಜಿನ ಹಾಗೆ ಎಳೆದುಕೊಳ್ಳುವುದಷ್ಟೇ ಮಾರಾಯ್ತಿ. ಆರು ಸಲ ಎಳೆದರೆ ಹೊಸ ಶ್ವಾಸಕೋಶವೇ ಬೆಳೀತದೆ. ಮತ್ತೆ ಈ ಪಂಪ್ ಎಂತಕ್ಕೆ?" ರೋಗಿಗಳನ್ನು ಹಿಡಿದು ತರುವುದೇ ಇಲ್ಲಿನ ಆ ಮದ್ದಿನ ಕ್ಲಿನಿಕ್ಕಿನಲ್ಲಿ ನಿನ್ನ ನೌಕರಿ ಎಂದು ನನಗೆ ಹೊಳೆಯಲಿಲ್ಲ. ಉಸಿರಿಲ್ಲದವರ ಕ್ಲಿನಿಕ್ಕು, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ! ತಿರುವು ತಿರುವಿಗೂ ಅವರು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಕ್ಲಿನಿಕ್ಕಿನ ಜಾಹೀರಾತಿಗೆ ನೀನು ವಿಡಿಯೋ ತೆಗೆದದ್ದು ಮಾತ್ರ ಅವರು ಇಳಿಯುವಾಗ.

ನಾಲ್ಕನೇ ಸಲದ ಮರುದಿನ ಅವರ ತುಟಿ ನೀಲಿಗಟ್ಟಿತು. ಆಸ್ಪತ್ರೆಯ ಡಾಕ್ಟರಮ್ಮ ಮೊದಲು ಕೇಳಿದ್ದು, "ಪಂಪ್ ಕೋಣೀ ಬಂದ್ ಕೇಲಾ?" ಪಂಪ್ ನಿಲ್ಲಿಸಿದ್ದು ಯಾರು ಎಂದು. ಆ ಮಂಜಿನಿಂದ ಗುಣವಾಗುತ್ತದೆ ಎಂದು ಇನ್ನೂ ಎಲ್ಲಿಯೂ ಸಾಬೀತಾಗಿಲ್ಲ ಎಂದೂ ಹೇಳಿದರು. ನಿಲ್ಲಿಸಲು ಹೇಳಿದವನು ನೀನು. ಆದರೆ ಎರಡೂ ಪಂಪನ್ನು ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕಿದ ಕೈ ನನ್ನದು. ನಾನೇ ಎಂದು ಡಾಕ್ಟರಮ್ಮನಿಗೆ ಹೇಳಿದೆ. ಹಾಗೆ ಹೇಳಿಸಿದ್ದಕ್ಕೆ ನಿನ್ನನ್ನು ಕ್ಷಮಿಸಲಾರೆ.

ನಿನ್ನನ್ನು ಬಯ್ಯಲು ಅವರು ಬಿಡುವುದಿಲ್ಲ. "ನಾನು ಪುನಃ ಕಾವಲಿ ಎದುರು ನಿಲ್ತೇನೆ ಅಂತ ಹೇಳಿದವ ಅವನೊಬ್ಬನೇ" ಎಂದರು. ಅಷ್ಟು ಹೇಳಲು ಮೂರು ಸಲ ಉಸಿರು ಹುಡುಕಿದರು. ಅದನ್ನು ಕೇಳಿ ನನ್ನ ಸಿಟ್ಟು ಇಮ್ಮಡಿಯಾಯಿತು.

ದೊಡ್ಡವಳಾಗಿ ಹರಸಬೇಕು. ನಿನ್ನ ಉಸಿರು ಗಟ್ಟಿಯಾಗಿರಲಿ. ನಮ್ಮ ಬಾಗಿಲಿಗೆ ಮಾತ್ರ ಬರಬೇಡ.

ನಳಿನಾಕ್ಷಿ

ತಾ.ಕ.: ಲಕೋಟೆ ಅಂಟಿಸುವಾಗ ಅಮ್ಮನ ಫೋನ್ ಬಂತು. ಉಡುಪಿಯಲ್ಲೂ ನೀನು ಅದೇ ಮದ್ದಿನ ಕ್ಯಾಂಪ್ ಇಡುತ್ತೀಯಂತೆ, ಪಟ್ಟಿಯಲ್ಲಿ ಮೊದಲ ಹೆಸರು ಅವಳದಂತೆ. ನಿನ್ನ ಮಾತು ಕೇಳಿ ಮೊನ್ನೆಯಿಂದ ದಮ್ಮಿನ ಮದ್ದು ಬಿಟ್ಟಿದ್ದಾಳೆ. ನಾನು ಫೋನ್ ಇಡದೆ, ಅವಳು ಮದ್ದು ತೆಗೆದುಕೊಳ್ಳುವವರೆಗೂ ಕಾದೆ. ಅದನ್ನು ಮತ್ತೆ ಬಿಡಿಸಬೇಡ. ಭಾವನನ್ನು ಮಗಳು ನಿಶಾ ನೋಡಿಕೊಳ್ಳುತ್ತಾಳೆ. ಶುಕ್ರವಾರದ ಮತ್ಸ್ಯಗಂಧ ರೈಲು ಹತ್ತುತ್ತೇನೆ, ಶನಿವಾರ ಅಮ್ಮನನ್ನು ಕರೆದುಕೊಂಡು ಹೊರಡುತ್ತೇನೆ. ಅಷ್ಟರೊಳಗೆ ನೀನು ಅವಳ ಮುಖಕ್ಕೆ ಆ ಮಂಜಿನ ಮಾಸ್ಕ್ ಇಟ್ಟರೆ, ಸ್ಟೇಷನ್ನಿನಿಂದ ನಾನು ಮೊದಲು ಹೋಗುವುದು ಪೊಲೀಸರ ಬಳಿಗೆ.