ಬುಧವಾರ ಬಂಡಿ ಹೂಡುತ್ತೇವೆ

ಮುನವಳ್ಳಿ
ಸೌಮ್ಯನಾಮ ಸಂವತ್ಸರ, ಮಾರ್ಗಶಿರ ಶುದ್ಧ ಪಂಚಮಿ, ಶುಕ್ರವಾರ
ತಾ. ೧೭ ಡಿಸೆಂಬರ ೧೯೦೯

ನನ್ನ ಕೂಸು ತಂಗೆವ್ವಾ,

ಸಿಟ್ಟಿನಿಂದ ಈ ಕಾಗದವನ್ನು ಹರಿದು ಹಾಕಿಲ್ಲವಾದರೆ, ನಿನ್ನ ಅವ್ವನ ಆಶೀರ್ವಾದವನ್ನು ತೆಗೆದುಕೊಂಡು ಇನ್ನಷ್ಟು ಓದು. ನೀನು ರಾಮದುರ್ಗದಿಂದ ಬರೆದ ಎರಡು ಪತ್ರಗಳೂ ನನಗೆ ಮುಟ್ಟಿವೆ. ಒಂದು ಸೀಗಿ ಹುಣ್ಣಿಮೆಯ ಹೊತ್ತಿಗೆ ಬಂತು, ಇನ್ನೊಂದು ದೀಪಾವಳಿಯ ಮುಂದೆ. ಎರಡಕ್ಕೂ ನಾನು ಉತ್ತರ ಬರೆಯಲಿಲ್ಲ. ಕೆಲಸ ಬಹಳವಿತ್ತು ಎಂದು ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ಬರೆಯಲು ಅಂಜಿದೆ.

ನಡುವೆ ನಿನಗೆ ಇಲ್ಲಿಂದ ಒಂದು ಕಾಗದ ಬಂತಲ್ಲ, ಈ ಸಲ ನಮಗೆ ಅನುಕೂಲವಿಲ್ಲ, ಬಾಣಂತನ ಅತ್ತೆಯ ಮನೆಯಲ್ಲಿಯೇ ಆಗಲಿ ಎಂದು, ಅದು ನನ್ನದಲ್ಲ. ನಿನ್ನ ಅಪ್ಪ ಶಾಲೆಯ ಮಾಸ್ತರರಿಂದ ಬರೆಸಿ ಕೆಳಗೆ ನನ್ನ ಹೆಸರನ್ನೂ ಹಾಕಿಸಿದರು. ನೀನು ಶಾಲೆಗೆ ಹೋಗುವಾಗ ಒಲೆಯ ಮುಂದೆ ಕೂತು ನನಗೆ ಅಕ್ಷರ ಕಲಿಸಿದವಳು. ಅದು ನನ್ನ ಕೈಯಲ್ಲವೆಂದು ನೋಡಿದೊಡನೆ ತಿಳಿದಿರಬೇಕು. ಅವ್ವನಿಗೆ ಎರಡು ಸಾಲು ತಾನೇ ಬರೆಯುವಷ್ಟೂ ಮನಸ್ಸಿಲ್ಲ ಎಂದು ಇನ್ನಷ್ಟು ನೊಂದಿರಬೇಕು.

ಏನಾಯಿತೆಂದು ಈಗ ಹೇಳುತ್ತೇನೆ. ಮಗಳ ಮುಂದೆ ತಾಯಿ ಹೇಳುವ ಮಾತಲ್ಲ ಇದು, ಬರೆಯುವಾಗಲೇ ಮುಖ ಬಿಸಿಯಾಗುತ್ತಿದೆ. ದಸರೆ ಮುಗಿದ ಮೇಲೆ ನಿನ್ನ ಬಾಣಂತನಕ್ಕೆಂದು ನಡುಕೋಣೆಯನ್ನು ಸಾರಿಸಿ, ಹೊರಸು ಬಿಗಿಸಿ, ಸೂಲಗಿತ್ತಿ ಕರೆವ್ವನನ್ನು ಕರೆಸಿದ್ದೆ. ಗಾಳಿ ಎಲ್ಲಿಂದ ಬರುತ್ತದೆ, ನೀರು ಕಾಯಿಸುವುದು ಎಲ್ಲಿ ಎಂದು ಆಕೆ ನೋಡಬೇಕಾಗಿತ್ತು. ಕೋಣೆಯನ್ನು ಬಿಟ್ಟು ಆಕೆ ನನ್ನನ್ನೇ ನೋಡುತ್ತ ನಿಂತಳು.

"ಕೋಣಿ ಆಮ್ಯಾಲೆ ನೋಡೋಣಂತ. ಸುಂದ್ರವ್ವಾ, ನೀ ತಲಿಮ್ಯಾಲೆ ನೀರ ಹಾಕ್ಕೊಂಡು ಎಷ್ಟ ತಿಂಗಳಾತು?" ಎಂದು ಕೇಳಿದಳು.

ಮೂರು ತಿಂಗಳಾಗಿರಬೇಕು, ಇನ್ನು ಮುಟ್ಟು ನಿಲ್ಲುವ ಕಾಲ ಬಂತೇನೋ ಎಂದೆ. ನಿನ್ನ ಬೆನ್ನಿಗೆ ಹುಟ್ಟಿದ ಎರಡು ಕೂಸುಗಳು ಉಳಿಯಲಿಲ್ಲ. ಅದಾದ ಮೇಲೆ ಹನ್ನೊಂದು ವರ್ಷ ಏನೂ ಇರಲಿಲ್ಲ. ನನಗೆ ಬೇರೆ ವಿಚಾರವೇ ಹೊಳೆದಿರಲಿಲ್ಲ. ಕರೆವ್ವ ನನ್ನನ್ನು ನಿನಗೆಂದು ಬಿಗಿಸಿದ ಹೊರಸಿನ ಮೇಲೆಯೇ ಮಲಗಿಸಿ ಹೊಟ್ಟೆ ಒತ್ತಿ ನೋಡಿದಳು.

"ನಿಂತೈತಿ ಖರೆ. ಗರ್ಭ ನಿಂತೈತಿ" ಎಂದಳು.

ನಾನು ಎದ್ದು ಕೂತು, ಏನು ಮಾಡಬೇಕೆಂದು ತಿಳಿಯದೆ, ಹೊರಸಿನ ಹಗ್ಗವನ್ನು ಬಿಗಿ ಮಾಡತೊಡಗಿದೆ. ಮೂವತ್ತೈದರ ಹೆಂಗಸು, ಆರು ತಿಂಗಳ ಬಸುರಿ ಮಗಳ ತಾಯಿ. ಹೊಳೆಗೆ ನೀರಿಗೆ ಹೋದರೆ ಹೆಂಗಸರು ಏನೆಂದಾರು ಎಂಬುದು ಮೊದಲು ತಲೆಗೆ ಬಂತು. ನೀನು ಬಂದಾಗ ನಿನ್ನ ಮುಂದೆ ಹೇಗೆ ಓಡಾಡಲಿ ಎಂಬುದು ಆಮೇಲೆ. ನೀನು ಬರುವುದೇ ತಪ್ಪುತ್ತದೆ ಎಂಬುದು ಆಗ ಹೊಳೆಯಲೇ ಇಲ್ಲ.

ಅದನ್ನು ಹೇಳಿದವರು ನನ್ನ ಅತ್ತೆ, ನಿನ್ನ ಅಜ್ಜಿ. ಸುದ್ದಿ ಕೇಳಿ ಬಹಳ ಸಂತೋಷಪಟ್ಟರು. ಮನೆಗೆ ಗಂಡು ಕೂಸು ಬರುತ್ತದೆ ಎಂದು ಉಳವಿಯ ದೇವರಿಗೆ ಹರಕೆ ಹೊತ್ತರು. ಮರುಕ್ಷಣ ದನಿ ತಗ್ಗಿಸಿ, "ಇನ್ನ ತಂಗೆವ್ವನ್ನ ಕರಸಂಗಿಲ್ಲ. ತಾಯಿ ಮಗಳು ಇಬ್ಬರೂ ಬಸರಿದ್ದಾಗ ಒಂದ ಸೂರಿನ ಕೆಳಗ ಇರಬಾರದು. ಇಬ್ಬರಾಗ ಒಬ್ಬಾಕಿಗೆ ಕುತ್ತ" ಎಂದರು.

ಕಿತ್ತೂರಿನ ನನ್ನ ಅವ್ವ, ನೀನು ನೋಡದ ಅಜ್ಜಿ ಚನ್ನವ್ವ, ನಿನ್ನ ಉಳವಪ್ಪ ಮಾವನನ್ನು ಹಡೆದು ತೀರಿಕೊಂಡದ್ದು ನಿನಗೆ ಗೊತ್ತು. ಅದೇ ತಿಂಗಳಿನಲ್ಲಿ ನೀನು ಹುಟ್ಟಿದ್ದೂ ಗೊತ್ತು. ನಾನು ಕಿತ್ತೂರಿಗೆ ಹೋಗದೆ ನಿನ್ನನ್ನು ಇಲ್ಲೇ ಹಡೆದದ್ದು ಏಕೆಂದು ನೀನು ಸಣ್ಣವಳಿದ್ದಾಗ ಕೇಳುತ್ತಿದ್ದೆ. ನಾನು ಮಾತು ಮರೆಸುತ್ತಿದ್ದೆ. ಕಾರಣ ಇದೇ. ಆಗಲೂ ಇದೇ ಮಾತು ಹೇಳಿ ನನ್ನನ್ನು ಇಲ್ಲಿ, ಆಕೆಯನ್ನು ಅಲ್ಲಿ ಇಟ್ಟರು.

ನಿನ್ನ ಅಪ್ಪನಿಗೂ ನಾಚಿಕೆ. ಅಜ್ಜನಾಗುವುದೂ ಅಪ್ಪನಾಗುವುದೂ ಒಂದೇ ವರ್ಷ ಬಂತೆಂದು ಬೈಲಹೊಂಗಲದ ಪೇಟೆಯಲ್ಲಿ ಗೆಳೆಯರು ನಕ್ಕರಂತೆ. ತಾಯಿಯ ಮಾತಿಗೆ ತಲೆಯಾಡಿಸಿ ಮಾಸ್ತರರ ಮನೆಗೆ ನಡೆದರು. ಕಾರಣವನ್ನು ಬರೆಸಬಾರದೆಂದು ನಾನೇ ಬೇಡಿಕೊಂಡೆ. ನಿನಗೆ ತಿಳಿಯುವುದು ನನಗೆ ಬೇಡವಾಗಿತ್ತು. ಇದೊಂದು ತಪ್ಪು ಪೂರಾ ನನ್ನದು.

ಛಟ್ಟಿ ಅಮಾಸೆ ಇನ್ನೂ ವಾರವಿರುವಾಗ ಬಂಡಿಯ ಲಕ್ಕಪ್ಪ ರಾಮದುರ್ಗಕ್ಕೆ ಬೆಲ್ಲ ಹಾಕಿ ತಿರುಗಿ ಬಂದ. ಅವನ ಕೈಯಲ್ಲಿ ನಿನಗೆ ಕೊಬ್ಬರಿ, ಉತ್ತತ್ತಿ ಕಳಿಸಿದ್ದೆ. ಗಂಟು ಹಾಗೆಯೇ ತಿರುಗಿ ಬಂದಿತ್ತು. ಅದನ್ನು ಕಟ್ಟೆಯ ಮೇಲಿಟ್ಟು ಬಹಳ ಹೊತ್ತು ಎತ್ತಿನ ಕೊರಳು ತುರಿಸುತ್ತ ನಿಂತ. ನಾನೇ ಕೇಳಿದ ಮೇಲೆ, ನೀನು ಹೇಳಿ ಕಳಿಸಿದ ಮಾತೆಂದು, "ಕರಿಯಾಕ ಯಾರೂ ಬರೂದು ಬ್ಯಾಡಂತರಿ. ಕೊಬ್ಬರಿನೂ ಬ್ಯಾಡಂತ" ಎಂದ. ಮೈಯಲ್ಲಿ ಹೇಗಿದ್ದಾಳೆ ಎಂದು ಕೇಳಿದೆ. ಇಳಿದಿದ್ದಾಳೆ, ಪಾದ ಬಾತಿವೆ, ತಲೆಯ ಮೇಲೆ ಎರಡು ಕೊಡ ಇದ್ದವು ಎಂದ.

ತಂಗೆವ್ವಾ, ಆ ದಿನದಿಂದ ನನಗೆ ಒಂದು ಕಡೆ ಕೂರಲು ಆಗಿಲ್ಲ. ಜೋಳ ಬೀಸಲು ಕೂತರೆ ಎದ್ದು ಹಿತ್ತಲಿಗೆ ಹೋಗುತ್ತೇನೆ, ಹಿತ್ತಲಿಗೆ ಹೋದರೆ ಏಕೆ ಬಂದೆ ಎಂಬುದು ಮರೆಯುತ್ತದೆ. ರೊಟ್ಟಿ ಸುಟ್ಟುಹೋಗುತ್ತವೆ. ನಿನ್ನ ನಡುಕೋಣೆಯ ಬಾಗಿಲನ್ನು ದಿನಕ್ಕೆ ಹತ್ತು ಸಲ ತೆರೆದು ಮುಚ್ಚಿದೆ. ಕಡೆಗೆ ಮೂರನೆಯ ದಿನ ಕರೆವ್ವನ ಮನೆಗೆ ಹೋಗಿ, ಇದನ್ನು ಇಳಿಸುವ ಔಷಧಿ ಕೊಡು ಎಂದು ಕೇಳಿದೆ. ಹೌದು, ಕೇಳಿದೆ. ನನ್ನ ಹೊಟ್ಟೆ ಬರಿದಾದರೆ ನಿನ್ನನ್ನು ಕರೆತರಲು ಯಾರೂ ಅಡ್ಡ ಬರುವುದಿಲ್ಲ ಎಂಬುದೊಂದೇ ತಲೆಯಲ್ಲಿತ್ತು.

ಕರೆವ್ವ ಬೈಯಲಿಲ್ಲ. "ಕೊಡತೇನಿ. ಖರೆ ನಾಕು ತುಂಬ್ಯಾವು. ಕೂಸು ಹೋಗತೈತಿ ಅಂತ ಹೇಳತೇನಿ, ನೀ ಉಳಿತಿ ಅಂತ ಮಾತ್ರ ಹೇಳಾಂಗಿಲ್ಲ" ಎಂದಳು. ಒಂದು ಎಲೆಯಲ್ಲಿ ಏನೋ ಬೇರನ್ನು ಕಟ್ಟಿ ಕೈಯಲ್ಲಿಟ್ಟಳು. ಎರಡು ದಿನ ಅದು ನನ್ನ ಸೆರಗಿನಲ್ಲಿತ್ತು. ಆ ಎರಡು ದಿನ ನಾನು ಯಾರ ಮುಖವನ್ನೂ ನೋಡಲಿಲ್ಲ. ಮೂರನೆಯ ದಿನ ಹಂಡೆಯ ಒಲೆಗೆ ಹಾಕಿದೆ. ಧರ್ಮದ ವಿಚಾರದಿಂದ ಹಾಕಿದೆನೆಂದು ನೀನು ತಿಳಿಯಬೇಡ. ನಾನು ಸತ್ತರೆ ನಿನ್ನ ಬಾಣಂತನ ಮಾಡುವವರು ಯಾರು ಎಂದು ಲೆಕ್ಕ ಹಾಕಿದೆ, ಅಷ್ಟೇ.

ಆಮೇಲೆ ಮುರಗೋಡಕ್ಕೆ ಹೋದೆ. ಮಠಕ್ಕೆ ಬುತ್ತಿ ಕೊಟ್ಟು ಬರುತ್ತೇನೆಂದು ಅಜ್ಜಿಗೆ ಹೇಳಿದ್ದೆ. ಅಲ್ಲಿ ಓಣಿಯಲ್ಲಿ ಪುರಾಣ ಓದುವ ಗಂಗಯ್ಯನವರಿದ್ದಾರಲ್ಲ, ನಿನ್ನ ಮದುವೆಗೆ ಬಂದಿದ್ದ ಮುದುಕರು, ಅಜ್ಜಿಯ ಆ ಮಾತು ನಿಜವೇ ಎಂದು ಅವರನ್ನು ಕೇಳಿದೆ. "ನಾ ಓದಿದ ಯಾವ ಪುಸ್ತಕದಾಗೂ ಈ ಮಾತಿಲ್ಲವ್ವಾ. ಮಂದಿ ಅಂಜಿಕಿಯಾಗ ಐತಿ. ಅಂಜಿಕಿ ನಾ ಹ್ಯಾಂಗ ತಗೀಲಿ?" ಎಂದರು. ತಿರುಗಿ ಬರುವಾಗ ಬಂಡಿಯಲ್ಲಿ ಹೊಟ್ಟೆಯೊಳಗಿನದು ಮೊದಲ ಸಲ ಮಿಸುಕಿತು. ನನಗೆ ಸಂತೋಷವಾಯಿತು. ನೀನು ಅಲ್ಲಿ ಬಾತ ಕಾಲಲ್ಲಿ ನೀರು ಹೊರುವಾಗ ನಾನು ಇಲ್ಲಿ ಸಂತೋಷಪಟ್ಟೆ ಎಂದು ಮನೆ ಮುಟ್ಟುವವರೆಗೂ ಅತ್ತೆ.

ಮೊನ್ನೆ ಬುಧವಾರ ಮಧ್ಯಾಹ್ನ ನಿನ್ನ ಅಜ್ಜಿ ಪಡಸಾಲೆಯಲ್ಲಿ ಮೊರ ಹಿಡಿದು ಕೂತಿದ್ದರು. ನಾನು ಎದುರಿಗೆ ಹೋಗಿ ಕೂತೆ. ಹತ್ತೊಂಬತ್ತು ವರ್ಷದಲ್ಲಿ ಅವರ ಎದುರು ನಾನು ದನಿ ತೆಗೆದದ್ದಿಲ್ಲ.

"ಅತ್ತಿ, ನನಗ ಮತ್ತ ನಮ್ಮವ್ವಗ ಹನ್ನೆರಡ ಹರದಾರಿ ದೂರ ಇಟ್ರಿ. ಆಕಿ ಉಳದಳೇನ್ರಿ?" ಎಂದೆ.

ಅವರು ಮೊರವನ್ನು ನಿಲ್ಲಿಸಲಿಲ್ಲ. "ನೀ ಉಳದಿಯಲ್ಲ" ಎಂದರು.

"ಉಳದೇನ್ರಿ. ಆಕಿ ಮಾರಿ ನೋಡದ ಉಳದೇನಿ."

ಅವರು ಕೇರಿದ ಜೋಳವನ್ನೇ ಮತ್ತೆ ಮತ್ತೆ ಕೇರಿದರು. ಸಂಜೆ ಊಟಕ್ಕೂ ಕರೆಯಲಿಲ್ಲ. ನಾನು ಎಲ್ಲವನ್ನೂ ಕೆಡಿಸಿಕೊಂಡೆನೇನೋ ಎಂದುಕೊಂಡೆ. ನಿನ್ನೆ ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಲಿನ ಹತ್ತಿಕೋಣೆಯ ಬಾಗಿಲು ತೆರೆದಿತ್ತು. ನಿನ್ನ ಅಜ್ಜಿ ತಲೆಗೆ ಸೆರಗು ಬಿಗಿದುಕೊಂಡು ಒಬ್ಬರೇ ಧೂಳು ಹೊಡೆಯುತ್ತಿದ್ದರು.

"ತಂಗೆವ್ವ ಮನ್ಯಾಗ ಇರ್ಲಿ. ನೀ ಇಲ್ಲಿ ಮಲಗು. ಇದರ ಸೂರು ಬ್ಯಾರೆ ಐತಿ" ಎಂದರು.

ನನಗೆ ಕಾಲು ಮುಟ್ಟಬೇಕೆನಿಸಿತು, ಮುಟ್ಟಿದರೆ ಅವರು ಮನಸ್ಸು ಬದಲಿಸಿಯಾರು ಎಂದು ಹೆದರಿ ಕಸಬರಿಗೆ ಇಸಿದುಕೊಂಡೆ. ನಿನ್ನ ಅಪ್ಪ ಬಾವಿಯ ಕಟ್ಟೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕಾಗದ ಬರೆಸಿದವನು ತಾನು, ಬಂಡಿ ಹೂಡುವವನೂ ತಾನೇ ಎಂದರು. ಈಗ ಹಿತ್ತಲಲ್ಲಿ ಬಂಡಿಗೆ ಕಮಾನು ಕಟ್ಟುತ್ತಿದ್ದಾರೆ.

ನಿನಗೆ ಎಂಟನೆಯ ತಿಂಗಳು ಹತ್ತಲು ಇನ್ನು ಹನ್ನೊಂದು ದಿನ ಎಂದು ನಾನು ಎಣಿಸಿದ್ದೇನೆ. ಎಂಟರಲ್ಲಿ ಬಸುರಿಯನ್ನು ಬಂಡಿಯಲ್ಲಿ ಕೂರಿಸಲು ಯಾರೂ ಒಪ್ಪುವುದಿಲ್ಲ. ಸೋಮವಾರ ಎತ್ತು ಹೂಡುವಂತಿಲ್ಲ, ಮಂಗಳವಾರ ಹೆಣ್ಣುಮಕ್ಕಳನ್ನು ಕರೆಯಲು ಹೊರಡುವಂತಿಲ್ಲ. ಬುಧವಾರ ಹೊರಟು, ಸವದತ್ತಿಯಲ್ಲಿ ಇಳಿದುಕೊಂಡು, ಗುರುವಾರ ಸಂಜೆಗೆ ರಾಮದುರ್ಗ ಮುಟ್ಟುತ್ತೇವೆ. ನಾನೂ ಬರುತ್ತೇನೆ. ಈ ಹೊಟ್ಟೆಯಲ್ಲಿ ಎಲ್ಲಿಗೆ ಹೋಗುತ್ತೀ ಎಂದು ಎಲ್ಲರೂ ಬೈದರು. ನೀನು ನನ್ನನ್ನು ನೋಡಿ ನಗುವುದಿದ್ದರೆ ನಗು, ಬೈಯುವುದಿದ್ದರೆ ಬೈ, ನಿನ್ನ ಎದುರಿಗೇ ನಿಂತಿರುತ್ತೇನೆ.

ನಿನ್ನ ಅತ್ತೆ ರಾಯವ್ವನವರ ಮೇಲೆ ಮುನಿಸು ಬೇಡ. ತವರಿನವರೇ ಕೈಬಿಟ್ಟ ಸೊಸೆಯನ್ನು ಅವರಾದರೂ ಏಕೆ ಹೊತ್ತು ಮೆರೆಸಬೇಕು? ನಾನು ಬಂದು ಅವರ ಕೈ ಹಿಡಿದು ಮಾತಾಡುತ್ತೇನೆ, ನಿನಗೆ ಉಡಿ ತುಂಬಿ ಕುಬಸವನ್ನು ಅಲ್ಲಿಯೇ ಮಾಡಿ ಕರೆತರುತ್ತೇನೆ. ಅಲ್ಲಿಯವರೆಗೆ ಎರಡು ಕೊಡ ಹೊರಬೇಡ, ಒಂದನ್ನೇ ಎರಡು ಸಲ ತಾ. ರಾತ್ರಿ ಪಾದದ ಕೆಳಗೆ ಕೌದಿಯನ್ನು ಮಡಚಿ ಇಟ್ಟುಕೊಂಡು ಮಲಗು. ಪುಂಡಿಪಲ್ಲೆ ತಿನ್ನಬೇಕೆನಿಸುತ್ತದೆ ಎಂದು ಬರೆದಿದ್ದೆ, ಗಡಿಗೆಯಲ್ಲಿ ಹಾಕಿ ಬಾಯಿ ಕಟ್ಟಿ ತರುತ್ತೇನೆ.

ಈ ಕಾಗದವನ್ನು ಲಕ್ಕಪ್ಪ ನಾಳೆ ಹೊರಟು ತಂದು ಕೊಡುತ್ತಾನೆ. ಅವನ ಕೈಯಲ್ಲಿ ಉತ್ತರವೇನೂ ಹೇಳಿ ಕಳಿಸಬೇಡ. ಏನಿದ್ದರೂ ನನ್ನ ಎದುರಿಗೇ ಹೇಳು.

ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ತೊಟ್ಟಿಲು ತೂಗಲಿ, ಬಸವಣ್ಣ ನಿನ್ನನ್ನು ಕಾಯಲಿ.

ನಿನ್ನ ಅವ್ವ
ಸುಂದರವ್ವ

ತಾ. ಕ. — ಏಕೆ ಉತ್ತರ ಬೇಡ ಎಂದೆನೆಂದು ನೀನು ಕೇಳುತ್ತೀ. ನಿನ್ನನ್ನು ಹೊತ್ತಿದ್ದಾಗ, ಏಳನೆಯ ತಿಂಗಳಲ್ಲಿ, ಅವ್ವ ಕಿತ್ತೂರಿನಿಂದ ನನ್ನ ಕಾಕಾ ಮುದಕಪ್ಪನ ಕೈಯಲ್ಲಿ ಕುಬಸದ ಹಸಿರು ಸೀರೆ ಕಳಿಸಿದ್ದಳು. ತಾನು ಬರುವಂತಿಲ್ಲ, ನನ್ನನ್ನು ಕರೆಸುವಂತಿಲ್ಲ, ಉಟ್ಟುಕೊಂಡು ಹೇಗೆ ಕಾಣುತ್ತಾಳೆಂದು ನೋಡಿ ಬಂದು ಹೇಳು ಎಂದಿದ್ದಳಂತೆ. ನನಗೆ ಆಗ ಹದಿನೇಳು. ಗಂಟನ್ನು ಬಿಚ್ಚದೆ ತಿರುಗಿ ಕೊಟ್ಟು, "ಆಕಿ ಮಗಳು ಸತ್ತಾಳಂತ ಹೇಳ್ರಿ" ಎಂದೆ. ಎರಡು ತಿಂಗಳ ಮೇಲೆ, ನೀನು ಹುಟ್ಟಿದ ಒಂಬತ್ತನೆಯ ದಿನ, ಆಕೆ ಹೋದ ಸುದ್ದಿ ಬಂತು. ಆ ಮಾತನ್ನು ಮುದಕಪ್ಪ ಕಾಕಾ ಆಕೆಗೆ ಮುಟ್ಟಿಸಿದರೋ, ಇಲ್ಲ ಉಟ್ಟು ಚೆಂದ ಕಂಡಳು ಎಂದು ಸುಳ್ಳು ಹೇಳಿದರೋ, ನನಗೆ ಕೇಳುವ ಧೈರ್ಯವಾಗಲಿಲ್ಲ. ಪ್ರತಿ ವರ್ಷ ಅವರು ನಮ್ಮ ಮನೆಗೆ ಬರುತ್ತಿದ್ದರು, ನಾನು ಉಣಬಡಿಸಿ ಎದುರಿಗೆ ಕೂರುತ್ತಿದ್ದೆ. ಈ ಶ್ರಾವಣದಲ್ಲಿ ಅವರು ತೀರಿಕೊಂಡರು. ನಾನು ಕೇಳಿರಲಿಲ್ಲ.