ಇಲ್ಲದ ಓಕ್ ಮರವನ್ನು ಸುತ್ತಿ ಬಂದದ್ದು

ಆಶ್‌ಕಂಬ್ ಹಳ್ಳಿ, ಇಂಗ್ಲೆಂಡ್
ಜೂನ್ 41, 2194

ಈ ವಾರಾಂತ್ಯ ನಮ್ಮ ಹೊಲಗಳ ನಡುವೆ ಸುಮ್ಮನೆ ನಡೆದುಬರಲು ಹೊರಟಿರುವ ನಿಮಗೆ,

ತಾರೀಖು ತಪ್ಪಿಲ್ಲ. ಬೇಸಿಗೆ ಮುಗಿಯುವುದನ್ನೇ ಮರೆತ ಮೇಲೆ ನಮ್ಮವರು ಜೂನ್ ತಿಂಗಳನ್ನು ಉದ್ದ ಮಾಡಿದರು. ಬೇಕಾದ ದಿನಗಳನ್ನು ಫೆಬ್ರವರಿಯಿಂದ ಕಿತ್ತುಕೊಂಡರು. ಅದರ ಪರವಾಗಿ ಯಾರೂ ಮಾತಾಡಲಿಲ್ಲ. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಮನ್ನಿಸಿ. ಮುತ್ತಜ್ಜನ ಅಜ್ಜ ಧಾರವಾಡದ ಕಡೆಯಿಂದ ತಂದ ಕನ್ನಡವನ್ನೇ ನಾವು ರಿಪೇರಿ ಮಾಡಿಕೊಂಡು ಬಳಸುತ್ತಿದ್ದೇವೆ. ಪತ್ರ ಹಿಂದಿನ ಕಾಲಕ್ಕೆ ಹೇಗೆ ತಲುಪುತ್ತದೆಂದು ನನ್ನನ್ನು ಕೇಳಬೇಡಿ. ಅಂಚೆಯವರು ತೆಗೆದುಕೊಂಡರು, ರಶೀದಿಯನ್ನೂ ಕೊಟ್ಟರು.

ನಾನು ಇಂದುಧರ, ವಯಸ್ಸು ಐವತ್ತೆಂಟು, ಕಸುಬು ನೆರಳು ಹೊಲಿಯುವುದು. ಅಂದರೆ ಮನೆ, ಅಂಗಳ, ಬಾವಿಗಳ ಮೇಲೆ ಕಟ್ಟುವ ಬಿಸಿಲುಪರದೆ. ಒಂದು ಸೂಜಿಯಿಂದ ಶುರು ಮಾಡಿದವನು. ಈಗ ಅರ್ಧ ಊರು ನನ್ನ ಬಟ್ಟೆಯ ಕೆಳಗಿದೆ. ಗೇಣು ಬಟ್ಟೆ ವ್ಯರ್ಥವಾದರೂ ನನಗೆ ಊಟ ಸೇರುವುದಿಲ್ಲ. ಈ ಗುಣವೇ ಮೊನ್ನೆ ಊರನ್ನು ಒಣಗಿಸುವುದರಲ್ಲಿತ್ತು.

ನಮ್ಮ ಅರವತ್ತಮೂರು ಮನೆಗಳಿಗೆ ನೀರು ಒಂದೇ ಚಿಲುಮೆಯಿಂದ, ಅದು ಇರುವುದು ಎಸ್ಟೇಟಿನ ಬೇಲಿಯೊಳಗೆ. ಅಲ್ಲಿಗೆ ಹೋಗಲು ನಮಗಿರುವ ಹಕ್ಕು ಒಂದು ಕಾಲುದಾರಿ ಮಾತ್ರ. ನೀವು ಬೇಲಿಯ ಮೆಟ್ಟಿಲು ಹತ್ತಿಳಿದು, ಗೋಧಿ ಹೊಲ ದಾಟಿ, ಕುರಿಗಳಿಗೆ ದಾರಿ ಬಿಟ್ಟು ನಡೆಯುತ್ತೀರಲ್ಲ, ಅದೇ ದಾರಿ. ಈಗಿನ ಕಾನೂನಿನಂತೆ ವರ್ಷಕ್ಕೊಮ್ಮೆ, ಈ ಒಂದು ವಾರಾಂತ್ಯದಲ್ಲಿ, ಊರಿನ ಒಬ್ಬರು ಹಳೆಯ ನಕ್ಷೆಯಲ್ಲಿ ಇರುವಂತೆಯೇ ಅದನ್ನು ಪೂರ್ತಿ ನಡೆಯಬೇಕು, ಜೊತೆಗೊಬ್ಬರು ಸಾಕ್ಷಿ. ಭಾನುವಾರ ಬೆಳಗ್ಗೆ ಹತ್ತರೊಳಗೆ ಮುಗಿಯದಿದ್ದರೆ ದಾರಿ ನಕ್ಷೆಯಿಂದ ಅಳಿಯುತ್ತದೆ, ಗೇಟಿಗೆ ಬೀಗ ಬೀಳುತ್ತದೆ. ಹತ್ತಕ್ಕೆ, ಬಿಸಿಲು ಸುಡುವ ಹೊತ್ತಾಯಿತು ಒಳಗೆ ಸೇರಿ ಎನ್ನುವ ಕೆಂಗಂಟೆಯೂ ಬಾರಿಸುತ್ತದೆ. ಅದಾದ ಮೇಲೆ ಸಂಜೆಯವರೆಗೆ ಬಯಲಿನಲ್ಲಿ ನಿಂತ ಎಷ್ಟೋ ಜನ ಬದುಕಿ ಬಂದಿಲ್ಲ.

ಈ ಸಲದ ಸರದಿ ನನ್ನದು, ಸಾಕ್ಷಿ ನಮ್ಮಕ್ಕ ರುದ್ರಕ್ಕ. ಅವಳಿಗೆ ಅರವತ್ತನಾಲ್ಕು ವರ್ಷ, ಎಡ ಮೊಣಕಾಲು ನೋವು. ಶನಿವಾರ ಬೆಳಗ್ಗೆ ಹೊರಟೆವು. ಬಿಸಿಲಿನ ಹೊತ್ತನ್ನು ಪಾಳು ಕುರಿಕೊಟ್ಟಿಗೆಯಲ್ಲಿ ಕಳೆದು, ರೊಟ್ಟಿ ಮತ್ತು ಬ್ಲ್ಯಾಕ್‌ಬೆರಿ ಚಟ್ನಿ ತಿಂದು ಅಲ್ಲೇ ಮಲಗಿದೆವು. ಭಾನುವಾರ ಬೆಳಕು ಹರಿಯುವಾಗ ಮತ್ತೆ ನಡೆದೆವು. ಒಂಬತ್ತು ಗೇಟು ತೆರೆದೆ, ಒಂಬತ್ತನ್ನೂ ಮುಚ್ಚಿದೆ. ಎಲ್ಲ ಲೆಕ್ಕದಂತೆ ನಡೆದಿತ್ತು.

ಗೋಧಿ ಹೊಲದ ನಡುವೆ ದಾರಿ ಇದ್ದಕ್ಕಿದ್ದಂತೆ ಬಲಕ್ಕೆ ಬಾಗಿ, ಅರ್ಧ ಬಳೆಯಂತೆ ಸುತ್ತಿ, ಮತ್ತೆ ತನ್ನ ಸಾಲಿಗೇ ಬರುತ್ತದೆ. ಸುತ್ತು ಹಾಕುವಂಥದ್ದು ಅಲ್ಲಿ ಏನೂ ಇಲ್ಲ. ನಕ್ಷೆ ಬರೆದವನ ಕೈ ನಡುಗಿರಬೇಕೆಂದು ನಾನು ನೆಟ್ಟಗೆ ನಡೆದೆ. ಇಪ್ಪತ್ತಾರು ಹೆಜ್ಜೆ ಉಳಿಯಿತೆಂದು ಅಕ್ಕನಿಗೆ ಹೇಳಿದೆ.

“ದಾರಿ ಹಂಗದ ಅಂದ್ರ ಹಂಗ ಹೋಗಬೇಕಪ್ಪ,” ಅಂದಳು ಅಕ್ಕ.

“ಗಾಳಿಗೆ ಪ್ರದಕ್ಷಿಣಿ ಹಾಕಲೇನು?” ಅಂದೆ.

ಚಿಲುಮೆಯ ಗೇಟಿನಲ್ಲಿ ಎಸ್ಟೇಟಿನ ಗುಮಾಸ್ತೆ ಮಿಸ್ ಪೆಲ್ಲಮ್ ನನ್ನ ಹೆಜ್ಜೆಬಿಲ್ಲೆಯನ್ನು ಓದಿದರು. ಪಾದದ ಗಂಟಿಗೆ ಕಟ್ಟುವ ಈ ಬಿಲ್ಲೆ ಕಾಲು ಎಲ್ಲೆಲ್ಲಿ ಬಿತ್ತೆಂದು ನೆನಪಿಟ್ಟುಕೊಳ್ಳುತ್ತದೆ. ಗೋಧಿ ಹೊಲದಲ್ಲಿ ದಾರಿ ತುಂಡಾಗಿದೆ, ಅಲ್ಲಿಂದ ಮತ್ತೆ ನಡೆದು ಬರಬೇಕು ಎಂದು ಅವರು ತಗ್ಗಿದ ದನಿಯಲ್ಲೇ ಹೇಳಿದರು. ಹಿಂದಕ್ಕೆ ಒಂದೂವರೆ ಮೈಲಿ, ಮುಂದಕ್ಕೆ ಒಂದೂವರೆ ಮೈಲಿ. ಗಂಟೆ ಎಂಟೂ ಐವತ್ತು. ಸಾಕ್ಷಿಯಿಲ್ಲದೆ ನಡೆದರೆ ಲೆಕ್ಕಕ್ಕಿಲ್ಲ. ನಾನು ಅಕ್ಕನ ಮೊಣಕಾಲನ್ನು ನೋಡುತ್ತ ನಿಂತಿದ್ದೆ. ಅವಳು ಆಗಲೇ ತಿರುಗಿ ಹೊರಟಿದ್ದಳು.

“ಉಳಿಸಿದ್ದು ಇಪ್ಪತ್ತಾರು ಹೆಜ್ಜಿ. ಈಗ ಎಣಿಸ್ಕೋತ ಬಾ.”

ಎಣಿಸಲಿಲ್ಲ. ಬುದ್ಧಿ ಬಂದ ಮೇಲೆ ನಾನು ಹೆಜ್ಜೆ ಎಣಿಸದೆ ನಡೆದದ್ದು ಅದೇ ಮೊದಲು. ನೀರಿನ ಸೀಸೆಯಲ್ಲಿ ಎರಡು ಗುಟುಕು ಉಳಿದಿತ್ತು. ನೆಲದ ಬಿಸಿ ಚಪ್ಪಲಿ ದಾಟಿ ಅಂಗಾಲಿಗೆ ಬರತೊಡಗಿತ್ತು. ದಾರಿಯ ಬಾಗಿನ ಬಳಿ ತಲುಪಿದಾಗ ಒಂಬತ್ತೂ ಇಪ್ಪತ್ತು. ಅಕ್ಕ ಬರಿ ಗೋಧಿಯ ಕಡೆ ಕೈ ತೋರಿಸಿದಳು.

“ಇಲ್ಲೊಂದು ಓಕ್ ಗಿಡ ಇತ್ತಂತ. ಆಯಿ ಹೇಳ್ತಿದ್ಲು. ಮಂದಿ ಅದರ ಬೇರು ತುಳೀಬಾರದಂತ ಸುತ್ತು ಹಾಕಿ ಹೋಗ್ತಿದ್ರಂತ.”

“ಮೊದಲ ಹೇಳಬಾರದೇನು?”

“ನೀ ಕೇಳಿದ್ದಿ ಏನು?”

ಇಲ್ಲದ ಮರವನ್ನು ಸುತ್ತಿದೆವು, ಇಬ್ಬರೂ, ಒಂದು ಹೆಜ್ಜೆಯನ್ನೂ ಬಿಡದೆ. ವಾಪಸು ಬರುವಾಗ ಕೊನೆಯ ಹೊಲದಲ್ಲಿ ಅಕ್ಕನ ಮೊಣಕಾಲು ಮಡಚಿಕೊಂಡಿತು. ಬಿಸಿಲಿಗೆಂದು ಅವಳು ಹೊತ್ತು ತಂದಿದ್ದ ಪರದೆ ಬಟ್ಟೆಯನ್ನು ಇಬ್ಬರ ತಲೆಗೂ ಎಳೆದುಕೊಂಡೆ, ಅವಳ ಕೈಯನ್ನು ಹೆಗಲಿಗೆ ಹಾಕಿಕೊಂಡೆ. ಗೇಟು ಕಾಣುತ್ತಿತ್ತು, ಹತ್ತಿರವಾಗುತ್ತಿರಲಿಲ್ಲ. ನನ್ನನ್ನು ಬಿಟ್ಟು ಓಡು ಎಂದು ಅವಳು ಹೇಳಲಿಲ್ಲ. ಸಾಕ್ಷಿಯಿಲ್ಲದ ಓಟ ಯಾತಕ್ಕೂ ಬಾರದೆಂದು ಅವಳಿಗೆ ಗೊತ್ತಿತ್ತು. ಮಿಸ್ ಪೆಲ್ಲಮ್ ಬಿಲ್ಲೆ ಓದಿ ಮೊಹರು ಒತ್ತಿದಾಗ ಒಂಬತ್ತೂ ಐವತ್ತೆಂಟು. ಕೆಂಗಂಟೆ ಬಾರಿಸಿದಾಗ ನಾವು ಅವರ ಕೋಣೆಯ ನೆಲದ ಮೇಲೆ ಕೂತು ಚಿಲುಮೆಯ ನೀರು ಕುಡಿಯುತ್ತಿದ್ದೆವು.

ಈಗ ನನ್ನ ಕೋರಿಕೆ. ನಿಮ್ಮ ಕಾಲದಲ್ಲಿ ಆ ಮರ ಇನ್ನೂ ನಿಂತಿದೆ. ನಾಳೆ ಅಲ್ಲಿಗೆ ಬಂದಾಗ ಅದರ ನೆರಳಿನಲ್ಲಿ ಬೇಕಾದಷ್ಟು ಹೊತ್ತು ಕೂರಿ. ನೆರಳು ಮಾರುವವನಾಗಿ ಹೇಳುತ್ತೇನೆ, ಅಂಥದ್ದನ್ನು ನನ್ನ ಕೈಯಲ್ಲಿ ಹೊಲಿಯಲಾಗುವುದಿಲ್ಲ. ಕಾಯಿ ಉದುರುವ ಕಾಲಕ್ಕೆ ಮತ್ತೊಮ್ಮೆ ಬನ್ನಿ. ಒಂದನ್ನು ಜೇಬಿಗೆ ಹಾಕಿಕೊಳ್ಳದೆ ಬಾಗಿನ ಒಳಬದಿಯ ಮಣ್ಣಿನಲ್ಲಿ ಹುಗಿದು ಹೋಗಿ. ದಾರಿಯ ಮೇಲೆ ಬೇಡ, ಮತ್ತೆ ಸುತ್ತು ಹೆಚ್ಚಾದೀತು.

ಮುಂದಿನ ವರ್ಷದ ಸರದಿಯನ್ನೂ ನಾನೇ ಕೇಳಿ ಪಡೆದಿದ್ದೇನೆ. ಸಾಕ್ಷಿಯಾಗಿ ಅಕ್ಕ ಬರುತ್ತಾಳಂತೆ, ನಕ್ಷೆ ಅವಳ ಕೈಯಲ್ಲಿದ್ದರೆ ಮಾತ್ರ. ಬಾಗಿನ ಬಳಿ ಅವಳು ನೆರಳಿನಲ್ಲಿ ಒಂದಿಷ್ಟು ಹೊತ್ತು ಕೂರಬೇಕಾಗುತ್ತದೆ.

ನಿಮ್ಮ ದಾರಿಯಲ್ಲೇ ನಡೆಯುವ,
ಇಂದುಧರ