ಫಲಕದಿಂದ ಕಾಣೆಯಾದ ಭೂಕಂಪ

ಮಾನ್ಯ ಸೋದರ-ನಗರ ಸಮಿತಿಯ ಅಧ್ಯಕ್ಷರೇ,

ಬರುವ ಶನಿವಾರ ನಮ್ಮೂರಿನ ಪಾರ್ಕಿನಲ್ಲಿ ನೀವು ಅನಾವರಣ ಮಾಡಲಿರುವ ಫಲಕದಿಂದ ಒಂದು ಇಡೀ ಭೂಕಂಪ ಕಾಣೆಯಾಗಿದೆ. ದಯವಿಟ್ಟು ಹುಡುಕಿಸಿಕೊಡಿ. ಇದನ್ನೇ ಇಂಗ್ಲಿಷಿನಲ್ಲಿ ಮೂರು ಸಲ ಬರೆದೆ. ಮೂರು ಸಲವೂ 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂಬ ಒಂದೇ ಉತ್ತರ ಬಂತು. ಅಮೂಲ್ಯವಾದದ್ದನ್ನು ಯಾರೂ ಬಳಸುವುದಿಲ್ಲ, ಲಾಕರಿನಲ್ಲಿಡುತ್ತಾರೆ ಎಂದು ಆಮೇಲೆ ಹೊಳೆಯಿತು. ಹಾಗಾಗಿ ಈ ಸಲ ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ, ಕನ್ನಡದಲ್ಲಿ. ನಿಮಗಿದು ಅರ್ಥವಾಗದಿರಬಹುದು; ಅದರಿಂದ ನಮ್ಮಿಬ್ಬರ ಪತ್ರವ್ಯವಹಾರದಲ್ಲಿ ಹೆಚ್ಚಿನ ವ್ಯತ್ಯಾಸವೇನೂ ಆಗದು.

ದ್ರಾಕ್ಷಿ ಬೆಳೆಯುವ ನಮ್ಮ ಪುಟ್ಟ ಊರಿಗೆ ನೀವು ರೊಮೇನಿಯಾದ ಪಾಂಚ್ಯು ಎಂಬ, ದ್ರಾಕ್ಷಿಯನ್ನೇ ಬೆಳೆಯುವ ಇನ್ನೊಂದು ಪುಟ್ಟ ಊರನ್ನು ಜೋಡಿ ಮಾಡಿದಿರಿ. ಸಂತೋಷ. ಆ ಊರಿನ ಪರಿಚಯ ಬರೆಯಲು, ಹದಿನೈದು ವರ್ಷದಿಂದ ಇಲ್ಲಿನ ತೋಟಗಳಲ್ಲಿ ಬಳ್ಳಿ ಸವರುತ್ತಿರುವ, ವೈನನ್ನು ಮೂಸಿಯೂ ನೋಡದ ನನ್ನನ್ನು ಕರೆದಿರಿ. ಕಾರಣವೂ ಸರಿಯಾಗಿತ್ತು: ಪಾಂಚ್ಯುವಿನಲ್ಲಿ ಹುಟ್ಟಿದ ಎಂಬತ್ತಾರರ ಇಲೆಯಾನಾ ಆಂಟಿ ನನ್ನ ಪಕ್ಕದ ಮನೆಯವರು. ಅವರು ಹೇಳಿದರು, ನಾನು ಬರೆದೆ. ಚಿತ್ರದುರ್ಗದಲ್ಲಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವನಿಗೆ ಇಪ್ಪತ್ತೈದು ವರ್ಷದ ಮೇಲೆ ಒದಗಿ ಬಂದ ಪರೀಕ್ಷೆ! ಶೀರ್ಷಿಕೆ ಹಾಕಿ, ಅಡಿಗೆರೆ ಎಳೆದು, ಅಚ್ಚುಕಟ್ಟಾಗಿ ಬರೆದೆ.

ಅಲ್ಲೇ ಎಡವಿದೆ. ನಮ್ಮ ಹೈಸ್ಕೂಲಿನ ತಿಪ್ಪೇಸ್ವಾಮಿ ಮೇಷ್ಟ್ರು ಸಮಾಜ ವಿಜ್ಞಾನವನ್ನು ಪ್ರಾಸ ಕಟ್ಟಿ ಕಲಿಸಿದವರು:

ದೊರೆ ಆಳಿದರೆ ಇತಿಹಾಸ, ಧರೆ ಅಲುಗಿದರೆ ಭೂಗೋಳ;
ಬೆರೆಸಿ ಬರೆದವನ ಅಂಕ ದುಂಡನೆಯ ಗೋಳ.

ನಾನು ಬೆರೆಸಲಿಲ್ಲ. ಮೊಲ್ದಾವಿಯಾದ ದೊರೆಗಳು, ಬಳ್ಳಿಗಳನ್ನು ಬೇರಿನಲ್ಲೇ ತಿಂದ ಹುಳು, ಮೊದಲ ಮಹಾಯುದ್ಧದ ಫಿರಂಗಿಗಳು ಇವೆಲ್ಲ 'ಇತಿಹಾಸ'ಕ್ಕೆ ಹೋದವು. ಕಾರ್ಪೇಥಿಯನ್ ಬೆಟ್ಟಸಾಲು ಬಾಗುವ ತಿರುವು, ಶುಶಿತ್ಸಾ ನದಿ, ಮಣ್ಣು, ಬಿಸಿಲು ಮತ್ತು 1940ರ ಭೂಕಂಪ 'ಭೂಗೋಳ'ಕ್ಕೆ. ನಿಮ್ಮ ಕಚೇರಿಯ ಅಧಿಕಾರಿಣಿ ಫೋನು ಮಾಡಿದರು. "ಮುಜೀಬ್, ಜಾಗ ಸಾಲದು. ಭೂಗೋಳ ಬೇಕಾದವರಿಗೆ ಮ್ಯಾಪ್ ಇದೆ. ಇತಿಹಾಸ ಸಾಕು." ನಾನೂ "ನೋ ವರೀಸ್" ಎಂದೆ. ಈ ದೇಶದಲ್ಲಿ ನಾನು ಮೊದಲು ಕಲಿತ ಮಾತು ಅದು, ಸುಳ್ಳು ಕೂಡ ಅದೇ.

ಈಗ ಫಲಕದಲ್ಲಿ ಏನಿದೆ? 'ಮಹಾಯುದ್ಧದ ಫಿರಂಗಿಗಳನ್ನು ತಾಳಿಕೊಂಡ ಪಾಂಚ್ಯು, 1940ರ ನಂತರ ಹೊಸ ರೂಪ ಪಡೆಯಿತು.' ಬ್ಯೂಟಿ ಪಾರ್ಲರಿಗೆ ಹೋಗಿ ಬಂದ ಹಾಗೆ! ವಾಕ್ಯ ನನ್ನದೇ, ಒಪ್ಪಿಕೊಳ್ಳುತ್ತೇನೆ.

ಮಾನ್ಯರೇ, ಆ ನವೆಂಬರಿನಲ್ಲಿ ಹೊಸ ವೈನು ಪೀಪಾಯಿಗಳಲ್ಲಿ ಇನ್ನೂ ನೊರೆಯಾಡುತ್ತಿತ್ತಂತೆ. ಹನ್ನೊಂದು ತಿಂಗಳ ಇಲೆಯಾನಾಳನ್ನು ಅವಳ ತಾಯಿ ದ್ರಾಕ್ಷಿ ತುಳಿಯುವ ಮರದ ತೊಟ್ಟಿಯಲ್ಲಿ ಕಂಬಳಿ ಹಾಸಿ ಮಲಗಿಸಿದ್ದಳು. ಮನೆ ಕುಸಿದಾಗ ತೊಲೆ ತೊಟ್ಟಿಯ ಅಂಚಿಗೆ ಸಿಕ್ಕಿಕೊಂಡಿತು, ಮಗು ಉಳಿಯಿತು. ತಾಯಿಗೆ ತೊಟ್ಟಿ ಇರಲಿಲ್ಲ.

ಕಳೆದ ವಾರ ಫಲಕದ ಪ್ರತಿಯನ್ನು ಆಂಟಿಗೆ ತೋರಿಸಿದೆ. ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. "ಹೊಸ ರೂಪವಾ?" ಎಂದರು. "ಮುಜೀಬ್, ಹಾಗಾದರೆ ನಮ್ಮಮ್ಮನೂ ಹೊಸ ರೂಪ ಪಡೆದಳೇನಪ್ಪ?"

ಚಹಾ ತಂದಿಟ್ಟ ನನ್ನ ಹೆಂಡತಿ ಬಿಲ್ಕಿಸ್ ನನ್ನ ಕಡೆ ನೋಡಿದಳು. "ಏನ್ರೀ, ನಾಲ್ಕು ತಿಂಗ್ಳು ಇವರ ಮುಂದೆ ಕೂತು, ಕೇಕು ತಿಂದು, ಇಷ್ಟೇ ಬರ್ದಿದ್ದಾ ನೀವು?"

ಆಮೇಲೆ ನಿಮ್ಮ ಕಚೇರಿಗೆ ಓಡಿದೆ. "ಇದು ಪ್ರವಾಸಿಗರು ತೋಟದಿಂದ ತೋಟಕ್ಕೆ ಸುತ್ತುವ ವೈನ್ ಟ್ರೇಲ್, ಸ್ಮಾರಕವಲ್ಲ. ಸಂತೋಷದ ವಿಷಯವಷ್ಟೇ ಇರಲಿ" ಎಂದರು. ಯಾವ ದೇಶದಲ್ಲಿ ಈ ಮಾತು? ನನ್ನ ಮಗಳು ಲೈಬಾ ಶಾಲೆಯಲ್ಲಿ ಮಗ್ಗಿಗಿಂತ ಮೊದಲು, ನೆಲ ನಡುಗಿದರೆ ಮೇಜಿನಡಿ ನುಸುಳುವುದನ್ನು ಕಲಿತ ದೇಶದಲ್ಲಿ! 1931ರ ಭೂಕಂಪದಲ್ಲಿ ನೆಲಕಚ್ಚಿದ ನೇಪಿಯರ್ ನಗರದಲ್ಲಿ, ಆಮೇಲೆ ಎದ್ದ ಕಟ್ಟಡಗಳನ್ನು ಹೆಮ್ಮೆಯಿಂದ ತೋರಿಸುವ ದೇಶದಲ್ಲಿ! ನಮ್ಮ ನಡುಕ ಪರಂಪರೆ, ಅವರ ನಡುಕ ಕಿರಿಕಿರಿಯೇ? ಎರಡು ಊರುಗಳಿಗೆ ನಿಜವಾಗಿ ಸೋದರ ಸಂಬಂಧವಿದ್ದರೆ ಅದು ದ್ರಾಕ್ಷಿಯಿಂದಲ್ಲ, ಕಾಲಡಿಯ ಈ ಅಪನಂಬಿಕೆಯಿಂದ.

ಶನಿವಾರ ರಿಬ್ಬನ್ ಕತ್ತರಿಸಲು ನೀವು ಆಂಟಿಯನ್ನೇ ಕರೆದಿದ್ದೀರಿ. ಅವರು ಹೇಳಿ ಕಳಿಸಿದ್ದಾರೆ: "ಕತ್ತರಿ ತರಬೇಡಿ ಅನ್ನು. ಕತ್ತರಿಸಿದ್ದು ಸಾಕು."

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಫಲಕದ ಕೆಳಗೆ, ಪ್ರಾಯೋಜಕರ ಲಾಂಛನಗಳ ಪಕ್ಕ, ನಾಲ್ಕು ಬೆರಳು ಜಾಗ ಖಾಲಿ ಇದೆ. ನಾನೇ ಬೆರಳಿಟ್ಟು ಅಳೆದಿದ್ದೇನೆ. ಅಲ್ಲಿ ಇದನ್ನು ಬರೆಸಿ: '1940ರ ನವೆಂಬರ್ 10ರಂದು ಭೂಮಿ ನಡುಗಿ ಪಾಂಚ್ಯು ನೆಲಸಮವಾಯಿತು. ಸತ್ತವರನ್ನು ಮಣ್ಣು ಮಾಡಿದವರು ಅದೇ ಮಣ್ಣಿನಲ್ಲಿ ಮತ್ತೆ ಬಳ್ಳಿ ನೆಟ್ಟರು.' ಇದು ಇತಿಹಾಸವೋ ಭೂಗೋಳವೋ ಎಂದು ಯಾರಾದರೂ ಕೇಳಿದರೆ ನನ್ನ ಮನೆಗೆ ಕಳಿಸಿ. ಮೇಷ್ಟ್ರ ಸೊನ್ನೆ ನನಗಿರಲಿ.

ಇಂತಿ,
ದೊರೆಯನ್ನು ಉಳಿಸಿ, ಧರೆಯನ್ನು ಅಳಿಸಿ,
ನೆರೆಮನೆಯ ತಾಯಿಯನ್ನು ಎರಡನೆಯ ಸಲ ಹೂತ
ಮುಜೀಬ್, ಬಿ.ಎ.